ಸಂಪಾದಕರ ಉತ್ತರ: ವಸತಿ ಶಾಲೆಗಳ ನೆನಪು ನಮಗೇಕೆ?

ಮಾನ್ಯರೇ,

ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರವಿಟ್ಟ ಕೆನಡಾದ ಹಳೆಯ ವಸತಿ ಶಾಲೆಗಳ ಬಗ್ಗೆ ಅಲ್ಲಿನ ಬ್ರಾಂಪ್ಟನ್‌ನಿಂದ ನೀವು ಬರೆದ ಪತ್ರ ತಲುಪಿದೆ. ಮನೆಯಿಂದ ದೂರ ಹಾಸ್ಟೆಲ್‌ನಲ್ಲಿ ಓದಿದವರು ನಮ್ಮಲ್ಲೂ ಬೇಕಾದಷ್ಟಿದ್ದಾರೆ, ಕಮ್ಲೂಪ್ಸ್‌ನ ಹಳೆಯ ವಸತಿ ಶಾಲೆಯ ಬಳಿ ಶವಗಳೇ ಸಿಕ್ಕಿಲ್ಲ, ಆ ಮಕ್ಕಳ ನೆನಪಿಗೆಂದು ಸೆಪ್ಟೆಂಬರ್ 30ರಂದು ತೊಡುವ ಕಿತ್ತಳೆ ಅಂಗಿ ಬರೀ ಆಚರಣೆ, ಮೊನ್ನೆ ಮೊನ್ನೆ ಬಂದ ನಾವೇಕೆ ಈ ಭಾರ ಹೊರಬೇಕು ಎಂದು ಕೇಳಿದ್ದೀರಿ.

ಹಾಸ್ಟೆಲ್‌ನ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಕನ್ನಡದವರಿಗೆ ಥಟ್ಟನೆ ಹೊಳೆಯುವ ಹೋಲಿಕೆ ಅದು, ಹೆಚ್ಚು ದಾರಿ ತಪ್ಪಿಸುವುದೂ ಅದೇ. ನಮ್ಮ ಕಡೆಯ ವಿದ್ಯಾರ್ಥಿನಿಲಯಗಳಲ್ಲಿ ಸಾರು ನೀರಾಗಿದ್ದಿರಬಹುದು, ವಾರ್ಡನ್ನರು ನಿಷ್ಠುರರಾಗಿದ್ದಿರಬಹುದು. ಆದರೂ ಮಗುವನ್ನು ಅಲ್ಲಿ ತಂದು ಬಿಟ್ಟವರು ಹೆತ್ತವರು, ಬೇಡವೆನಿಸಿದರೆ ಕರೆದುಕೊಂಡು ಹೋಗಬಹುದಾಗಿದ್ದವರೂ ಅವರೇ. ಕೆನಡಾದಲ್ಲಿ ಒಕ್ಕೂಟ ಸರ್ಕಾರ ಹಣ ಕೊಟ್ಟು ಚರ್ಚುಗಳು ನಡೆಸಿದ ವಸತಿ ಶಾಲೆಗಳ ಉದ್ದೇಶವೇ ಮೂಲನಿವಾಸಿ ಮಗುವನ್ನು ಹೆತ್ತವರ ಪ್ರಭಾವದಿಂದ ಬೇರ್ಪಡಿಸುವುದಾಗಿತ್ತು, ಸರ್ಕಾರ ಅದನ್ನು ಮುಚ್ಚಿಟ್ಟಿರಲೂ ಇಲ್ಲ. ಮೂಲನಿವಾಸಿಗಳಿಗೆ ಸಂಬಂಧಿಸಿದ ‘ಇಂಡಿಯನ್ ಆ್ಯಕ್ಟ್’ ಕಾಯ್ದೆಯ 1920ರ ತಿದ್ದುಪಡಿ ಮಕ್ಕಳ ಹಾಜರಾತಿಯನ್ನು ಕಡ್ಡಾಯಗೊಳಿಸುವ ಅಧಿಕಾರ ಕೊಟ್ಟಿತು. ತಾಯ್ನುಡಿ ಆಡಿದರೆ ಶಿಕ್ಷೆ, ಅನೇಕ ಕಡೆ ಹೆಸರಿನ ಬದಲು ಸಂಖ್ಯೆ, ಅರ್ಧ ದಿನ ಪಾಠವಾದರೆ ಇನ್ನರ್ಧ ದಿನ ಹೊಲದಲ್ಲೋ ಬಟ್ಟೆ ಒಗೆಯುವಲ್ಲೋ ದುಡಿತ. 1990ರ ದಶಕದಲ್ಲಿ ಕೊನೆಯ ಶಾಲೆಗಳು ಮುಚ್ಚುವ ಹೊತ್ತಿಗೆ ಸುಮಾರು 1,50,000 ಮಕ್ಕಳು ಈ ವ್ಯವಸ್ಥೆಯೊಳಗೆ ಹಾದುಹೋಗಿದ್ದರು.

ಕಮ್ಲೂಪ್ಸ್ ಬಗ್ಗೆ ನೀವು ಹೇಳಿದ್ದರಲ್ಲಿ ಸತ್ಯಾಂಶವಿದೆ. 2021ರ ಮೇ ತಿಂಗಳಲ್ಲಿ ಅಲ್ಲಿ ನೆಲದಡಿ ಶೋಧಿಸುವ ರಾಡಾರ್ ತೋರಿಸಿದ್ದು ಸಮಾಧಿಗಳಿರಬಹುದಾದ ಗುರುತುಗಳನ್ನು. ಅದನ್ನು ಶವಗಳೇ ಪತ್ತೆಯಾದವೆಂದು ಬರೆದ ಪತ್ರಿಕೆಗಳು ಅವಸರಪಟ್ಟವು. ಆದರೆ ಮಕ್ಕಳು ಸತ್ತರೋ ಇಲ್ಲವೋ ಎಂಬುದು ಆ ರಾಡಾರಿನ ಮೇಲೆ ನಿಂತ ಪ್ರಶ್ನೆಯಲ್ಲ. ಆ ಶಾಲೆಗಳಲ್ಲಿದ್ದು ಬದುಕುಳಿದವರು ನ್ಯಾಯಾಲಯದ ಮೆಟ್ಟಿಲೇರಿ ಪಡೆದ ಒಪ್ಪಂದದಿಂದ ಹುಟ್ಟಿದ ಸತ್ಯ ಮತ್ತು ಸಾಮರಸ್ಯ ಆಯೋಗ, ಮರೇ ಸಿಂಕ್ಲೇರ್ ಅವರ ಅಧ್ಯಕ್ಷತೆಯಲ್ಲಿ, ಸರ್ಕಾರದ ಮತ್ತು ಚರ್ಚುಗಳ ಕಡತಗಳಿಂದಲೇ 2015ರ ವೇಳೆಗೆ ಸುಮಾರು 3,200 ಸಾವುಗಳನ್ನು ಗುರುತಿಸಿತು. ಅವುಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗದಲ್ಲಿ ಸತ್ತ ಮಗುವಿನ ಹೆಸರನ್ನೇ ಬರೆದಿಟ್ಟಿರಲಿಲ್ಲ. ಅರ್ಧದಷ್ಟರಲ್ಲಿ ಸಾವಿಗೆ ಕಾರಣವಿರಲಿಲ್ಲ. ಖರ್ಚಿನ ನೆಪದಲ್ಲಿ ದೇಹವನ್ನು ಊರಿಗೆ ಕಳುಹಿಸದೆ ಶಾಲೆಯ ಬಳಿಯೇ ಹೂಳುವುದು ರೂಢಿಯಾಗಿತ್ತು. ಇದು ಆಗ ಯಾರಿಗೂ ತಿಳಿದಿರಲಿಲ್ಲ ಎನ್ನುವಂತೆಯೂ ಇಲ್ಲ: ಸರ್ಕಾರದ ವೈದ್ಯಾಧಿಕಾರಿ ಪೀಟರ್ ಬ್ರೈಸ್ 1907ರಲ್ಲೇ ಶಾಲೆಗಳಲ್ಲಿನ ಕ್ಷಯದ ಬಗ್ಗೆ ವರದಿ ಕೊಟ್ಟರು, ಅವರ ಸಲಹೆಗಳು ಮೂಲೆ ಸೇರಿದವು, ಕೊನೆಗೆ 1922ರಲ್ಲಿ ಅವರು ಅದನ್ನೆಲ್ಲ ತಾವೇ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದರು. ಬ್ರೈಸ್ ವರದಿಯ ನೂರು ವರ್ಷಗಳ ಅನಂತರವೂ ಸರ್ಕಾರದ ಧೋರಣೆ ಪೂರ್ತಿ ಬದಲಾಗಿರಲಿಲ್ಲ. ಕಾಣೆಯಾದ ಮಕ್ಕಳ ಶೋಧಕ್ಕೆಂದು ಆಯೋಗ 2009ರಲ್ಲಿ ಕೇಳಿದ 15 ಲಕ್ಷ ಡಾಲರನ್ನು ಒಕ್ಕೂಟ ಸರ್ಕಾರ ನಿರಾಕರಿಸಿತು. ಹಿಂದಿನ ವರ್ಷವಷ್ಟೇ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದ ಸರ್ಕಾರವದು.

ಆದುದರಿಂದ ಆಚರಣೆಯ ಬಗೆಗಿನ ನಿಮ್ಮ ಅಸಹನೆ ನನಗೆ ಅರ್ಥವಾಗುತ್ತದೆ. ಕಿತ್ತಳೆ ಅಂಗಿ ವಸತಿ ಶಾಲೆಯಲ್ಲಿದ್ದು ಬದುಕುಳಿದ ಫಿಲ್ಲಿಸ್ ವೆಬ್‌ಸ್ಟಡ್ ಅವರದು: 1973ರಲ್ಲಿ, ಆರು ವರ್ಷದ ಬಾಲಕಿಯಾಗಿದ್ದಾಗ, ಅಜ್ಜಿ ಕೊಡಿಸಿದ ಹೊಸ ಅಂಗಿಯನ್ನು ಶಾಲೆಗೆ ಸೇರಿದ ಮೊದಲ ದಿನವೇ ಕಿತ್ತುಕೊಂಡರು, ಮತ್ತೆ ಕೊಡಲಿಲ್ಲ. ಈ ಕಥೆ ಹೇಳದೆ ಅಂಗಿ ಮಾತ್ರ ಹಂಚಿದರೆ ಅದು ಸಮವಸ್ತ್ರವಾಗುತ್ತದೆ. ಸಾಮರಸ್ಯವನ್ನು ಅಳೆಯಬೇಕಾದ್ದು ಕ್ರಮ ಕೈಗೊಳ್ಳಿರೆಂದು ಆಯೋಗ ಕೊಟ್ಟ 94 ಕರೆಗಳಿಂದ, ಅದರಲ್ಲೂ ಮೊದಲ ಐದರಿಂದ, ಏಕೆಂದರೆ ಅವು ಇಂದಿಗೂ ಕುಟುಂಬಗಳಿಂದ ಬೇರ್ಪಡುತ್ತಿರುವ ಮೂಲನಿವಾಸಿ ಮಕ್ಕಳ ಪಾಲನೆಗೆ ಸಂಬಂಧಿಸಿದವು. ಫಸ್ಟ್ ನೇಷನ್ಸ್ ಎಂಬ ಮೂಲನಿವಾಸಿ ಸಮುದಾಯಗಳ ಮಕ್ಕಳ ಸೇವೆಗಳಿಗೆ ಕಡಿಮೆ ಹಣ ಕೊಡುವುದು ತಾರತಮ್ಯ ಎಂದು ಮಾನವ ಹಕ್ಕುಗಳ ನ್ಯಾಯಮಂಡಳಿ ತೀರ್ಪಿತ್ತದ್ದು 2016ರಲ್ಲಿ, ಅಂದರೆ ನಮ್ಮವರು ಬಹಳ ಮಂದಿ ಅಲ್ಲಿ ತೆರಿಗೆ ಕಟ್ಟುತ್ತಿದ್ದ ಕಾಲದಲ್ಲಿ.

ಭಾರದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಆ ಶಾಲೆಗಳಿಗಾಗಿ ನಿಮ್ಮನ್ನು ಅಪರಾಧಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ನೀವು ಪೌರತ್ವ ಪಡೆದದ್ದು ಯಾವಾಗಲೆಂದು ಪತ್ರದಲ್ಲಿ ಹೇಳಿಲ್ಲ; 2021ರ ಜೂನ್‌ನ ಅನಂತರವಾಗಿದ್ದರೆ, ಫಸ್ಟ್ ನೇಷನ್ಸ್, ಇನ್ಯುಯಿಟ್ ಮತ್ತು ಮೆಟೀ ಎಂಬ ಮೂಲನಿವಾಸಿ ಜನರ ಹಕ್ಕುಗಳನ್ನು ಮಾನ್ಯ ಮಾಡುವ ಸಂವಿಧಾನವನ್ನು ಪಾಲಿಸುತ್ತೇನೆಂದು ನೀವೇ ಪ್ರಮಾಣ ಮಾಡಿದ್ದೀರಿ. ಆಯೋಗದ 94ನೆಯ ಕರೆಯಿಂದ ಬಂದ ಬದಲಾವಣೆ ಅದು. ಬ್ರಾಂಪ್ಟನ್‌ನ ನೆಲವಾದರೂ 1818ರಲ್ಲಿ ಮಿಸ್ಸಿಸಾಗ ಎಂಬ ಮೂಲನಿವಾಸಿ ಜನರೊಂದಿಗೆ ಆದ ಒಪ್ಪಂದದ ಮೂಲಕ ಬ್ರಿಟಿಷರ ಕೈಸೇರಿದ್ದು. ನಿಮ್ಮ ಮನೆಯ ಹಕ್ಕುಪತ್ರದ ಮೂಲ ಅಲ್ಲಿದೆ. ಸಾಲದ ಕಾಗದಕ್ಕೆ ಬ್ಯಾಂಕಿನಲ್ಲಿ ಸಹಿ ಹಾಕುವಾಗ ತೋರಿಸಿದ ಎಚ್ಚರವನ್ನು ಈ ಹಳೆಯ ಕಾಗದಕ್ಕೂ ತೋರಿಸಿರೆಂದು ಕೇಳುವುದು ಅತಿಯಾಗಲಾರದು.

ನಿಮ್ಮೂರಿನಿಂದ ಕಾರಿನಲ್ಲಿ ಹೋಗಿ ಅದೇ ದಿನ ಮರಳಬಹುದಾದ ದೂರದಲ್ಲಿ, ಬ್ರಾಂಟ್‌ಫರ್ಡ್‌ನಲ್ಲಿ, 1970ರವರೆಗೆ ನಡೆದ ಮೊಹಾಕ್ ಇನ್‌ಸ್ಟಿಟ್ಯೂಟ್ ವಸತಿ ಶಾಲೆಯ ಕಟ್ಟಡವಿದೆ. ಬದುಕುಳಿದವರ ಮಾತಿಗೆ ಮನ್ನಣೆ ಕೊಟ್ಟು ಅದನ್ನು ಕೆಡವದೆ ಉಳಿಸಿಕೊಂಡವರು ಅಲ್ಲಿನ ವುಡ್‌ಲ್ಯಾಂಡ್ ಸಾಂಸ್ಕೃತಿಕ ಕೇಂದ್ರದವರು. ಅದನ್ನು ನೋಡಿ ಬಂದ ಮೇಲೂ ಆಕ್ಷೇಪಗಳು ಉಳಿದಿದ್ದರೆ ಮತ್ತೆ ಬರೆಯಿರಿ, ಪ್ರಕಟಿಸುತ್ತೇವೆ.

— ಸಂಪಾದಕ