ದೇವರನ್ನು ನಂಬಿ ಕಾಯೋದು ಅಂದರೆ ಡಯಾಲಿಸಿಸ್ ಬಿಡೋದಲ್ಲ

ನಿಮ್ಮ ತಂದೆ ಡಯಾಲಿಸಿಸ್‌ನಲ್ಲಿದ್ದಾರೆ, ಕಿಡ್ನಿಗಾಗಿ ಕಾಯುತ್ತಿದ್ದೀರಿ, ಎಷ್ಟು ಪೂಜೆ ಮಾಡಿಸಿದರೂ ಕರೆ ಬರುತ್ತಿಲ್ಲ, "ನನ್ನ ನಂಬಿಕೆಯೇ ಸಾಲದಾ?" ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಅದೇ. ನಮ್ಮ ಯಜಮಾನರ ಹೆಸರು ಜೀವಸಾರ್ಥಕತೆಯ, ಅಂದರೆ ತೀರಿಕೊಂಡವರ ಅಂಗಾಂಗ ದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆಯ, ಪಟ್ಟಿಯಲ್ಲಿದೆ.

ಕರೆ ಬರಲಿಲ್ಲ ಅಂದರೆ ನಮ್ಮಿಂದ ಏನೋ ಲೋಪ ಆಗಿದೆ, ಇನ್ನೂ ದೊಡ್ಡ ಹರಕೆ ಹೊರಬೇಕು ಅಂತ ನಾನೂ ಅಂದುಕೊಂಡಿದ್ದೆ. ತಾಳಿದವನು ಬಾಳಿಯಾನು ಅಂತ ಅತ್ತೆ ಹೇಳುತ್ತಲೇ ಇದ್ದರು. ಕೇಳಲಿಲ್ಲ. ಬೇಸಿಗೆಯಲ್ಲಿ ಧರ್ಮಸ್ಥಳಕ್ಕೆ ಹೊರಟೆವು. ಯಜಮಾನರಿಗೆ ಡಯಾಲಿಸಿಸ್ ಸೋಮವಾರ, ಬುಧವಾರ, ಶುಕ್ರವಾರ. ಶುಕ್ರವಾರದ್ದು ಬಿಟ್ಟರೆ ಏನಾಗುತ್ತೆ, ಮಂಜುನಾಥ ನೋಡಿಕೊಳ್ಳುತ್ತಾನೆ ಅಂದವಳು ನಾನೇ.

ಒಂದು ಸಲ ತಾನೇ ಅಂತ ನಿಮಗೂ ಅನ್ನಿಸಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಶುಕ್ರವಾರ ತಪ್ಪಿದರೆ ಬುಧವಾರ ಆದಮೇಲೆ ನೇರ ಸೋಮವಾರವೇ. ಅಷ್ಟೂ ದಿನ ಮೈಯಲ್ಲಿ ನೀರು, ಪೊಟ್ಯಾಶಿಯಂ ಏರುತ್ತಲೇ ಇರುತ್ತವೆ. ಹೊರಹಾಕುವ ಶಕ್ತಿ ಕಿಡ್ನಿಗೆ ಇಲ್ಲ. ಅದರ ಮೇಲೆ ಶಿರಾಡಿ ಘಾಟಿ ಇಳಿಯುತ್ತಿದ್ದಂತೆ ಸೆಕೆ. ದಾರಿಬದಿಯಲ್ಲಿ ಎಳನೀರು ಕೆತ್ತಿಸಿ ಕೊಟ್ಟೆ. ದರ್ಶನ ಆದಮೇಲೆ ಹಣ್ಣುಕಾಯಿಯ ಬಾಳೆಹಣ್ಣು. ಎರಡರಲ್ಲೂ ಪೊಟ್ಯಾಶಿಯಂ ಜಾಸ್ತಿ. ಡಯಟಿಷಿಯನ್ ಕೊಟ್ಟ ಚೀಟಿಯಲ್ಲಿ ಎರಡಕ್ಕೂ ಕೆಂಪು ಗೆರೆ ಎಳೆದಿದ್ದರು. ಪ್ರಸಾದ ಅಲ್ವಾ, ಅದರಿಂದ ಕೆಡುಕಾಗುತ್ತಾ ಅಂದುಕೊಂಡೆ. ಭಾನುವಾರ ಬೆಳಿಗ್ಗೆ ಅವರಿಗೆ ಕಾಲೆತ್ತಿ ಇಡಲು ಆಗಲಿಲ್ಲ. ಪೊಟ್ಯಾಶಿಯಂ ಮಿತಿಮೀರಿ ಎದೆಬಡಿತವೇ ಏರುಪೇರಾಗಿತ್ತು. ಐಸಿಯು ಸೇರಿದರು. ಚೇತರಿಸಿಕೊಳ್ಳುವವರೆಗೆ ಆಪರೇಷನ್ ಸಾಧ್ಯವಿಲ್ಲ ಅಂತ ಪಟ್ಟಿಯಲ್ಲಿ ಅವರ ಹೆಸರನ್ನೂ ತಡೆಹಿಡಿದರು. ಯಾವ ಕರೆಗಾಗಿ ಹರಕೆ ಹೊತ್ತೆನೋ, ಅದು ಬಂದರೂ ಹೋಗಲಾಗದ ಸ್ಥಿತಿ ತಂದುಕೊಂಡೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಕರೆ ತಡವಾಗೋದಕ್ಕೂ ನಿಮ್ಮ ನಂಬಿಕೆಗೂ ಸಂಬಂಧ ಇಲ್ಲ. ರಕ್ತದ ಗುಂಪು ಹೊಂದಬೇಕು, ಸರದಿ ಬರಬೇಕು, ಎಲ್ಲೋ ಒಂದು ಮನೆಯವರು ತಮ್ಮವರನ್ನು ಕಳೆದುಕೊಂಡ ದುಃಖದಲ್ಲೇ ದಾನಕ್ಕೆ ಒಪ್ಪಬೇಕು. ಆ ಮನೆ ನೆನಪಾದ ದಿನದಿಂದ "ಬೇಗ ಕೊಡಿಸು" ಅಂತ ಬೇಡೋದನ್ನು ಬಿಟ್ಟೆ. ಇವತ್ತಿನ ದಿನ ದಾಟಿಸು ಅಂತಷ್ಟೇ ಕೇಳುತ್ತೇನೆ.

ಈಗ ಬೆಳಿಗ್ಗೆ ದೀಪ ಹಚ್ಚಿ, ಅವರ ಎಡಗೈಯ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸಿರುವ ಜಾಗದ ಮೇಲೆ ಬೆರಳಿಡುತ್ತೇನೆ. ಒಳಗೆ ರಕ್ತ ಝುಂ ಅಂತ ಹರಿಯೋದು ಗೊತ್ತಾಗುತ್ತೆ. ಆಮೇಲೆ ತೂಕ. ದಿನಕ್ಕೆ ಡಾಕ್ಟರು ಹೇಳಿದಷ್ಟೇ ನೀರನ್ನು ಒಂದು ಬಾಟಲಿಗೆ ತುಂಬಿಡುತ್ತೇನೆ. ಕಾಫಿ, ಸಾರು ಎಷ್ಟು ಹೋಯಿತೋ ಅಷ್ಟು ನೀರು ಅದರಿಂದ ಚೆಲ್ಲುತ್ತೇನೆ. ದೇವರ ಮೇಲೆ ಭಾರ ಹಾಕಿ ಕಾಯೋದು ಅಂದರೆ ನನಗೆ ಇಷ್ಟೇ.

ದುಡ್ಡು ಕೊಟ್ಟರೆ ಬೇಗ ಕಿಡ್ನಿ ಕೊಡಿಸುತ್ತೇವೆ ಅನ್ನುವವರು ಸಿಕ್ಕರೆ ಹತ್ತಿರ ಸೇರಿಸಬೇಡಿ. 1994ರ ಅಂಗಾಂಗ ಕಸಿ ಕಾನೂನಿನಲ್ಲಿ ಅದು ಅಪರಾಧ. ಹರಕೆ ಹೊರಲೇಬೇಕು ಅನ್ನಿಸಿದರೆ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮುಂದಿಡಿ, ಗುಣವಾದಮೇಲೆ ಹೋಗಿ ತೀರಿಸಿದರಾಯಿತು. ಅಪ್ಪನ ಡಯಾಲಿಸಿಸ್ ಮಾತ್ರ ಒಂದೂ ತಪ್ಪಿಸಬೇಡಿ. ಪಟ್ಟಿಯಲ್ಲಿ ಕೊಟ್ಟಿರುವ ನಂಬರಿನ ಫೋನ್ ರಾತ್ರಿಯೂ ಆನ್ ಇರಲಿ.