ಮಳೆಗಾಲದ ಸೋಲಾರ್‌ಗೆ ಕಾಣದ ಬೆಳಕು ನೆರವಾದೀತೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಮಳೆಗಾಲ ಹಿಡಿದರೆ ನಮ್ಮ ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್‌ಗಳಿಂದ ಬರುವ ಕರೆಂಟ್ ತೀರಾ ಕಡಿಮೆ. ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ಡೈ (ಬಣ್ಣದ ರಾಸಾಯನಿಕ) ಮತ್ತು ಅತಿ ಸೂಕ್ಷ್ಮವಾದ ನ್ಯಾನೊ ಹರಳುಗಳ ಮೂಲಕ ಕಾಣುವ ಬೆಳಕಾಗಿ ಮಾರ್ಪಡಿಸಬಹುದೆಂದು ಓದಿದೆ. ಅಂಥ ಲೇಪನವನ್ನು ಪ್ಯಾನೆಲ್‌ಗೆ ಬಳಿದರೆ ಪ್ರಯೋಜನವಾದೀತೆ? ಟಿ.ವಿ. ರಿಮೋಟಿನ ಬೆಳಕು ಮೊಬೈಲ್ ಕ್ಯಾಮೆರಾದಲ್ಲಿ ಕಾಣುವುದೂ ಹೀಗೆಯೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೊದಲನೆಯದರ ಉತ್ತರದ ಅರ್ಧ ಭಾಗ ಅದರಲ್ಲಿಯೇ ಇದೆ. ರಿಮೋಟಿನಿಂದ ಹೊರಡುವುದು ಸುಮಾರು 940 ನ್ಯಾನೊಮೀಟರ್ ತರಂಗಾಂತರದ ಅವಗೆಂಪು ಬೆಳಕು. ಅದನ್ನು ಕ್ಯಾಮೆರಾ ಮಾರ್ಪಡಿಸುವುದಿಲ್ಲ. ಅದರೊಳಗಿನ ಸಿಲಿಕಾನ್ ಸಂವೇದಕವು ಆ ಬೆಳಕನ್ನು ನೇರವಾಗಿ ಗ್ರಹಿಸಿ, ಪರದೆಯ ಮೇಲೆ ನೇರಳೆ ಛಾಯೆಯ ಚುಕ್ಕೆಯಾಗಿ ತೋರಿಸುತ್ತದೆ. ಸಿಲಿಕಾನ್ ಸುಮಾರು 1,100 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಹೀರಬಲ್ಲದು. ನಿಮ್ಮ ಪ್ಯಾನೆಲ್‌ನಲ್ಲಿರುವುದೂ ಅದೇ ಸಿಲಿಕಾನ್.

ನೀವು ಓದಿದ ಮಾರ್ಪಾಡು ಬೇರೆಯದು, ಮತ್ತು ನಿಜವಾದದ್ದು. 980 ನ್ಯಾನೊಮೀಟರ್‌ನ ಅವಗೆಂಪು ಬೆಳಕಿನ ಒಂದು ಫೋಟಾನ್‌ನಲ್ಲಿ, ಅಂದರೆ ಬೆಳಕಿನ ಒಂದು ಕಣದಲ್ಲಿ, ಇರುವ ಶಕ್ತಿ ಸುಮಾರು 1.27 ಎಲೆಕ್ಟ್ರಾನ್ ವೋಲ್ಟ್. ಹಸಿರು ಬೆಳಕಿನ ಒಂದು ಫೋಟಾನ್‌ಗೆ ಸುಮಾರು 2.3 ಬೇಕು. ಆದ್ದರಿಂದ ಕನಿಷ್ಠ ಎರಡು ಫೋಟಾನ್‌ಗಳ ಶಕ್ತಿ ಒಂದೆಡೆ ಕೂಡಬೇಕು. ಆಳೆತ್ತರದ ದರೆಯನ್ನು ಒಂದೇ ನೆಗೆತಕ್ಕೆ ಹತ್ತಲಾಗದವರು, ನಡುವೆ ಕಡಿದ ಮೆಟ್ಟಿನ ಮೇಲೆ ಕಾಲೂರಿ ನಿಂತು ಮತ್ತೊಮ್ಮೆ ಮೇಲೇರುವುದಿಲ್ಲವೇ? ಫ್ಲೋರೈಡ್ ಹರಳಿನೊಳಗೆ ಯಿಟರ್ಬಿಯಂ ಎಂಬ ಲೋಹದ ಅಯಾನು (ವಿದ್ಯುದಂಶವುಳ್ಳ ಪರಮಾಣು) ಅವಗೆಂಪನ್ನು ಹೀರಿ, ಆ ಶಕ್ತಿಯನ್ನು ಪಕ್ಕದಲ್ಲಿರುವ ಎರ್ಬಿಯಂ ಎಂಬ ಇನ್ನೊಂದು ಲೋಹದ ಅಯಾನಿಗೆ ಎರಡು ಬಾರಿ ದಾಟಿಸುತ್ತದೆ. ಎರ್ಬಿಯಂ ಮೊದಲು ನಡುವಣ ಮೆಟ್ಟಿಗೆ, ಅನಂತರ ಮೇಲಕ್ಕೆ ಏರಿ, ಇಳಿಯುವಾಗ ಹಸಿರು ಅಥವಾ ಕೆಂಪು ಬೆಳಕನ್ನು ಚೆಲ್ಲುತ್ತದೆ. ಅಯಾನುಗಳ ನಡುವಿನ ಈ ದಾಟಿಸುವಿಕೆಯನ್ನು ಫ್ರಾನ್ಸಿನ ವಿಜ್ಞಾನಿ ಫ್ರಾಂಸ್ವಾ ಓಜೆಲ್ 1966ರಲ್ಲಿ ವಿವರಿಸಿದರು. ಇಂಥ ಹರಳುಗಳು ತೇಲುತ್ತಿರುವ ತಿಳಿ ದ್ರಾವಣದ ಸೀಸೆಯತ್ತ 980ರ ಲೇಸರ್ ಹಾಯಿಸಿದರೆ, ಗಾಳಿಯಲ್ಲಿ ಏನೂ ಕಾಣದಿದ್ದರೂ, ಸೀಸೆಯೊಳಗೆ ಮಾತ್ರ ಹಸಿರು ದಾರವೊಂದನ್ನು ಬಿಗಿದು ಕಟ್ಟಿದಂತೆ ಕಾಣುತ್ತದೆ. ಎಷ್ಟು ಬಾರಿ ನೋಡಿದರೂ ನನಗೆ ಆ ನೋಟದ ಬೆರಗು ಇಂಗಿಲ್ಲ. (ಆ ಲೇಸರ್ ಕಣ್ಣಿಗೆ ಬಿದ್ದರೆ ಅರಿವಿಗೆ ಬರುವ ಮೊದಲೇ ಅಪಾಯವಾಗುತ್ತದೆ, ರಕ್ಷಣಾ ಕನ್ನಡಕವಿಲ್ಲದೆ ಯಾರೂ ಪ್ರಯತ್ನಿಸಬಾರದು.)

ಯಿಟರ್ಬಿಯಂ ಬೆಳಕನ್ನು ಹೀರುವುದು ಬಹಳ ದುರ್ಬಲವಾಗಿ. ಡೈ ಬೇಕಾಗುವುದು ಈ ಕೊರತೆಯನ್ನು ನೀಗಲು. ಬೇಯಿಸಿದ ಅಡಿಕೆಗೆ ಚೊಗರು ಹಿಡಿಯುವಂತೆ ಡೈ ಅಣುಗಳು ಹರಳಿನ ಮೈಗೆ ಅಂಟಿಕೊಂಡು, 800 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಅಯಾನುಗಳಿಗಿಂತ ಸಾವಿರಾರು ಪಟ್ಟು ಸಮರ್ಥವಾಗಿ ಹಿಡಿದು ಒಳಗೆ ರವಾನಿಸುತ್ತವೆ. 2012ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇದನ್ನು ತೋರಿಸಿಕೊಟ್ಟರು. ಆದರೆ ಇಂಥ ಡೈಗಳು ಬೆಳಕಿನಲ್ಲಿಯೇ ಕ್ರಮೇಣ ಹಾಳಾಗುತ್ತವೆ. ಬಿಸಿಲಿಗೆ ಒಡ್ಡಿದ ಮಾಡಿನ ಮೇಲೆ ಇದು ಸಣ್ಣ ತೊಡಕಲ್ಲ.

ಇನ್ನು ನಿಮ್ಮ ಪ್ಯಾನೆಲ್. 800 ಅಥವಾ 980ರ ಬೆಳಕನ್ನು ಸಿಲಿಕಾನ್ ತಾನೇ ಬಳಸಿಕೊಳ್ಳುವುದರಿಂದ, ಅಲ್ಲಿ ಎರಡು ಫೋಟಾನ್ ಕೊಟ್ಟು ಒಂದನ್ನು ಪಡೆಯುವುದು ನಷ್ಟವೇ. ಲಾಭವಾಗಬೇಕಾದರೆ 1,100ಕ್ಕಿಂತ ಆಚಿನ ಬೆಳಕನ್ನು ಮಾರ್ಪಡಿಸಬೇಕು. ಮೋಡದ ನೀರು ಹೆಚ್ಚಾಗಿ ಹೀರಿಕೊಳ್ಳುವುದು ಆ ಭಾಗವನ್ನೇ. ಜೊತೆಗೆ, ಎರಡು ಫೋಟಾನ್‌ಗಳು ಕೂಡಬೇಕಾದ್ದರಿಂದ, ಮಂದ ಬೆಳಕಿನಲ್ಲಿ ಬೆಳಕು ಅರ್ಧಕ್ಕಿಳಿದರೆ ಫಲ ಕಾಲು ಭಾಗಕ್ಕಿಳಿಯುತ್ತದೆ. ಆಷಾಢದ ಮಲೆನಾಡಿನ ಆಕಾಶಕ್ಕಿಂತ ಪ್ರತಿಕೂಲವಾದ ಜಾಗವನ್ನು ಈ ವಿದ್ಯೆಗೆ ಹುಡುಕುವುದು ಕಷ್ಟ. ಅವಗೆಂಪು ಬೆಳಕು ಮೈಯ ಮಾಂಸದೊಳಗೆ ಹೆಚ್ಚು ಆಳಕ್ಕೆ ಇಳಿಯುವುದರಿಂದ, ಅಂಗಾಂಶಗಳ ಚಿತ್ರಣದಂಥ ಕೆಲಸಗಳಲ್ಲಿ ಇದರ ಬಗೆಗೆ ನನಗೆ ಹೆಚ್ಚಿನ ಭರವಸೆಯಿದೆ.

ಸದ್ಯಕ್ಕೆ, ಪ್ಯಾನೆಲ್ ಮೇಲೆ ನೆರಳು ಬೀಳಿಸುವ ಕೊಂಬೆಗಳನ್ನು ಮಳೆ ಹಿಡಿಯುವ ಮೊದಲೇ ಸವರಿಸಿ, ಗಾಜಿನ ಅಂಚಿಗೆ ಕಟ್ಟುವ ಪಾಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಇಂಥ ಲೇಪನವೆಂದು ಹೇಳಿಕೊಂಡು ಯಾರಾದರೂ ಮಾರಲು ಬಂದರೆ ದಯವಿಟ್ಟು ಹಣ ಕೊಡಬೇಡಿ.