ಜಾಮೀನಾದ ಮಾಸ್ತರರು: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆಯ ಮೇರೆಗೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಶಿರಸಿ ತಾಲೂಕಿನ ಈ ನಿವೃತ್ತ ಮಾಸ್ತರರು ನಿದ್ದೆ ಬರುತ್ತಿಲ್ಲವೆಂದು ನನ್ನಲ್ಲಿಗೆ ಬಂದರು. ಮೊದಲ ಅರ್ಧ ತಾಸು ಮಾತ್ರ ನಿದ್ದೆಯ ಸುದ್ದಿಯನ್ನೇ ಎತ್ತಲಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಮಂದಿ ಇನ್ನೂ ವಿಚಾರಣಾಧೀನರೇ ಆಗಿದ್ದರೆಂಬುದನ್ನೂ, ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿ, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅದನ್ನೂ ತಿರಸ್ಕರಿಸಿದಾಗ, 1978ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1,000 ರೂಪಾಯಿಯ ಮುಚ್ಚಳಿಕೆ ಸಾಕೆಂದು ಬರೆದುದನ್ನೂ ಪಾಠ ಒಪ್ಪಿಸುವಂತೆ ಹೇಳಿದರು. ಹೇಳುವಷ್ಟು ಹೊತ್ತು ಕೈ ಸ್ಥಿರವಾಗಿತ್ತು, ನಿಲ್ಲಿಸಿದಾಗ ನಡುಗಿತು.

ನಿವೃತ್ತಿಯ ನಂತರ ಅವರು ಅರೆಕಾನೂನು ಸ್ವಯಂಸೇವಕರಾಗಿ (ವಕೀಲರಲ್ಲದಿದ್ದರೂ ಕಾನೂನಿನ ನೆರವು ಬೇಕಾದವರಿಗೆ ಸಹಾಯ ಮಾಡುವವರು), ದೇವಿಮನೆ ಘಾಟಿ ಇಳಿದು ಕುಮಟಾ ಮೇಲಿಂದ ಕಾರವಾರದ ಜೈಲಿಗೆ ಹೋಗಿಬರುತ್ತಿದ್ದರು. ಅಲ್ಲಿ ಬೋಟಿನಲ್ಲಿ ದುಡಿಯುವ ಹುಡುಗನೊಬ್ಬ, ಜಾಮೀನು ಆದೇಶವಾಗಿದ್ದರೂ ಪಹಣಿ ಹಿಡಿದು ಬರುವವರಿಲ್ಲದೆ ಒಳಗೇ ಉಳಿದಿದ್ದ. ಮಾಸ್ತರರು ತಮ್ಮ ಅಡಿಕೆ ತೋಟದ ಪಹಣಿ ಕೊಟ್ಟು 50,000 ರೂಪಾಯಿಗೆ ಜಾಮೀನಾದರು, ಮನೆಯಲ್ಲಿ ಹೇಳಲಿಲ್ಲ. ಜುಲೈ 31ಕ್ಕೆ ಮೀನುಗಾರಿಕೆಯ ನಿಷೇಧ ಮುಗಿದದ್ದೇ ಹುಡುಗ ಬೋಟು ಹತ್ತಿದ, ವಾಯಿದೆಗೆ ಹಾಜರಾಗಲಿಲ್ಲ, ನೋಟಿಸು ಮಾಸ್ತರರಿಗೆ ಬಂತು.

ತೋಟ ಹೋದೀತೆಂಬ ಭಯ ಅವರಿಗೆ ಅಷ್ಟಾಗಿ ಇರಲಿಲ್ಲ. ‘ಬಡವ ಊರು ಬಿಟ್ಟು ಎಲ್ಲಿಗೂ ಓಡುವುದಿಲ್ಲ’ ಎಂದು ಸಿಕ್ಕಿದ ಸಭೆಗಳಲ್ಲೆಲ್ಲ ವಾದಿಸಿಕೊಂಡು ಬಂದವರಿಗೆ, ಈ ಒಬ್ಬನ ಗೈರುಹಾಜರಿಯಿಂದ ತಮ್ಮ ವಾದವೇ ಬಿದ್ದುಹೋದಂತಾಗಿತ್ತು. ಆ ಸಿಟ್ಟಿನಲ್ಲಿ ಅವನನ್ನು ಹುಡುಕಲೂ ಹೋಗಿರಲಿಲ್ಲ. ‘ಒಬ್ಬ ಹುಡುಗ ಬಾರದ ದಿನ ನೀವು ಶಾಲೆಗೆ ಬೀಗ ಹಾಕುತ್ತಿದ್ದಿರೋ?’ ಎಂದು ಕೇಳಿದೆ. ‘ಸಂಜೆ ಅವನ ಮನೆಗೆ ಹೋಗಿ ಕೇಳಿ ಬರುತ್ತಿದ್ದೆ’ ಎಂದವರು ಬಹಳ ಹೊತ್ತು ಸುಮ್ಮನೆ ಕುಳಿತರು.

ಆ ದಿನ ಕೊಟ್ಟ ಸಲಹೆಯಲ್ಲಿ ಮೊದಲನೆಯದು ಆಪ್ತಸಲಹೆಯೇ ಅಲ್ಲ: ನೋಟಿಸಿನ ಅವಧಿ ಮುಗಿಯುವ ಮುನ್ನ ವಕೀಲರನ್ನು ಕಾಣಬೇಕು, ಏಕೆಂದರೆ ಕಾರಣ ಒಪ್ಪಿಗೆಯಾದರೆ ದಂಡದ ಒಂದು ಭಾಗವನ್ನು ಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ. ಹುಡುಗನ ಮನೆಗೂ ಹೋಗಿಬರಬೇಕು. ಇನ್ನು ಮುಂದೆ ಯಾರಿಗೂ ತಾವೇ ಜಾಮೀನಾಗಬಾರದೆಂದೂ ಸ್ಪಷ್ಟವಾಗಿ ಹೇಳಿದೆ. ಜಾಮೀನು ಸಿಕ್ಕಿ 7 ದಿನವಾದರೂ ಬಿಡುಗಡೆಯಾಗದವರ ವಿಷಯವನ್ನು ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳೊಳಗೆ ಮುಚ್ಚಳಿಕೆ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯ ತಾನಾಗಿಯೇ ಪರಿಶೀಲಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2023ರ ಜನವರಿ 31ರಂದು ನಿರ್ದೇಶಿಸಿದೆ. ಆ ದಾರಿಯನ್ನು ನಡೆಯುವಂತೆ ಮಾಡುವುದೇ ಅವರಂಥವರ ಕೆಲಸ. ‘ಕಾಗದ ನಡೆಯುವಷ್ಟು ದಿನ ಹುಡುಗ ಒಳಗಿರುತ್ತಾನಲ್ಲ’ ಎಂದು ಅವರು ಕೇಳಿದರು. ಅದಕ್ಕೆ ಒಳ್ಳೆಯ ಉತ್ತರ ನನ್ನಲ್ಲಿರಲಿಲ್ಲ, ಇಲ್ಲವೆಂದೇ ಹೇಳಿದೆ. ಆದರೂ ಸಲಹೆಯನ್ನು ಬದಲಿಸಲಿಲ್ಲ, ತೋಟ ಇರುವುದು ಒಂದೇ, ಮತ್ತು ಅದು ಅವರೊಬ್ಬರದಲ್ಲ.

ಹೆಂಡತಿಗೆ ಹೇಳಬೇಕೆಂಬ ಮಾತಿಗೆ ಒಪ್ಪಲು ಎರಡು ಭೇಟಿ ಹಿಡಿಯಿತು. ನಾಲ್ಕನೆಯ ಸಲ ಇಬ್ಬರೂ ಬಂದರು. ಹುಡುಗ ಮುಂದಿನ ವಾಯಿದೆಗೆ ಹಾಜರಾಗಿದ್ದ. ದಿನಾಂಕದ ಚೀಟಿ ತಾಯಿಯ ಬಳಿಯಿತ್ತು, ಫೋನು ಸಮುದ್ರದಲ್ಲಿ ಸಿಗುತ್ತಿರಲಿಲ್ಲ. ಮಾಸ್ತರರ ಮನೆಯ ಅಮ್ಮನವರ ಸಿಟ್ಟು ಇನ್ನೂ ಇಳಿದಿರಲಿಲ್ಲ. ಪಹಣಿ ಕೊಟ್ಟದ್ದಕ್ಕಲ್ಲ, ಅದು ತಮಗಿಂತ ಮೊದಲು ಕಾರವಾರದ ವಕೀಲರಿಗೆ ಗೊತ್ತಾದದ್ದಕ್ಕೆ. ಮಾಸ್ತರರು ಈಗಲೂ ಹದಿನೈದು ದಿನಕ್ಕೊಮ್ಮೆ ಜೈಲಿಗೆ ಹೋಗುತ್ತಾರೆ, ಪಹಣಿಯಿರುವ ಕಪಾಟಿನ ಬೀಗದ ಕೈ ಅಮ್ಮನವರ ಸೆರಗಿನಲ್ಲಿದೆ.